ಕಪ್ಪು ಕಿಟಕಿಯ ವಧುಪರೀಕ್ಷೆ

ನನ್ನನ್ನು ಒಪ್ಪಿಕೊಳ್ಳಲು ನಮ್ಮ ಯಜಮಾನರಿಗೆ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟು ಹೊತ್ತು ಸಾಕಾಗಿತ್ತು. ಮೈಸೂರಿನ ನಮ್ಮ ಮನೆಗೆ ಬಂದರು, ಕೂತರು, ತಟ್ಟೆ ಖಾಲಿ ಮಾಡಿದರು, ಪಕ್ಕದಲ್ಲಿದ್ದ ಅವರ ತಾಯಿಯ ಕಿವಿಯಲ್ಲಿ “ಆಗಬಹುದು” ಎಂದರು. (ಹಾಗೆಂದದ್ದು ನನ್ನ ಬಗ್ಗೆಯೋ ಉಪ್ಪಿಟ್ಟಿನ ಬಗ್ಗೆಯೋ ಎಂದು ಅಂದಿನಿಂದ ಕೇಳುತ್ತಲೇ ಇದ್ದೇನೆ. ಉತ್ತರ ಬಂದಿಲ್ಲ.) ಅಂಥ ಮನುಷ್ಯ, ಕಂಪ್ಯೂಟರಿನ ಒಂದು ಕಪ್ಪು ಕಿಟಕಿಯೊಳಗೆ ಕಾಣುವ ಇಂಗ್ಲಿಷ್ ಅಕ್ಷರಗಳ ರೂಪ ಹೇಗಿರಬೇಕು ಎಂದು ತೀರ್ಮಾನಿಸಲು ಒಂದು ಇಡೀ ಚಾತುರ್ಮಾಸ್ಯ ತೆಗೆದುಕೊಂಡರು. ಆಷಾಢದ ಏಕಾದಶಿಗೆ ಶುರುವಾದ ಹುಡುಕಾಟ ತುಳಸಿ ಹಬ್ಬದವರೆಗೆ ನಡೆಯಿತು. ಅಷ್ಟರಲ್ಲಿ ಶ್ರೀಹರಿ ಮಲಗಿ ಎದ್ದಿದ್ದ.

ಎರಡು ಸಾವಿರದ ಹದಿಮೂರನೇ ಇಸವಿಯ ಮಾತು. ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಒಂದು ಹಾಲ್, ಒಂದು ರೂಮು, ಒಂದು ಅಡುಗೆಮನೆ. ಯಜಮಾನರ ಹೆಸರು ಶ್ರೀಕಂಠ. ಮಹಾಪೆಯ ಒಂದು ಕಂಪನಿಯಲ್ಲಿ ದೊಡ್ಡ ದೊಡ್ಡ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಇಲ್ಲಿ ಲೋಕಲ್ ರೈಲು ಹತ್ತಬೇಕು, ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯಬೇಕು. ಹತ್ತುವುದು ಅವರ ಕೈಯಲ್ಲಿಲ್ಲ, ಜನ ಹತ್ತಿಸುತ್ತಾರೆ. ಇಳಿಯುವುದೂ ಹಾಗೆಯೇ. ಒಂದು ದಿನ ಠಾಣೆಯಲ್ಲಿ ಇವರು ಇಳಿದರು, ಎಡಗಾಲಿನ ಬೂಟು ಇಳಿಯಲಿಲ್ಲ. ಅದು ಪಾಸಿಲ್ಲದೆ ಮುಂದಕ್ಕೆ ಪ್ರಯಾಣ ಮಾಡಿತು. ಒಂದೇ ಬೂಟಿನಲ್ಲಿ ಆಫೀಸಿಗೆ ಬಂದ ಇವರನ್ನು ನೋಡಿ ಅಲ್ಲಿನ ಸಾಹೇಬರ ಮನಸ್ಸು ಕರಗಿತು.

“ಮಂಗಳವಾರ, ಗುರುವಾರ ಮನೆಯಿಂದಲೇ ಕೆಲಸ ಮಾಡಿ ನೋಡಿ. ನವೆಂಬರ್‌ವರೆಗೆ ಪರೀಕ್ಷೆ. ತಪ್ಪಾಗದಿದ್ದರೆ ಕಾಯಂ” ಎಂದರು.

ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವುದನ್ನು ನಮ್ಮ ಕಟ್ಟಡದಲ್ಲಿ ಆಗ ಯಾರೂ ಕಂಡಿರಲಿಲ್ಲ. ಮೊದಲ ಮಂಗಳವಾರವೇ ಕೆಳಗಿನ ಮಹಡಿಯ ಜಯಲತಾ ನೀರುದೋಸೆಯ ಡಬ್ಬಿ ಹಿಡಿದುಕೊಂಡು ಬಂದರು. ಅವರು ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಅವರ ಗಂಡನ ಹೋಟೆಲು.

“ಎಂತ ಸರಳಕ್ಕ, ಭಾವನಿಗೆ ಕೆಲಸ ಹೋಯ್ತಂತಾ? ಬೇಜಾರು ಮಾಡ್ಬೇಡಿ. ನಮ್ಮ ಹೋಟ್ಲಲ್ಲಿ ಗಲ್ಲಾದಲ್ಲಿ ಕೂರ್ಲಿಕ್ಕೆ ಒಬ್ರು ಬೇಕಿತ್ತು ಮಾರಾಯ್ರೆ.”

ಕೆಲಸ ಹೋಗಿಲ್ಲ, ಕೆಲಸವೇ ಮನೆಗೆ ಬಂದಿದೆ ಎಂದು ಅವರಿಗೆ ವಿವರಿಸುವಷ್ಟರಲ್ಲಿ ದೋಸೆ ತಣ್ಣಗಾಗಿತ್ತು.

ಆದರೆ ಮನೆಗೆ ಬಂದ ಕೆಲಸ ಸುಲಭವಾಗಿ ಕೂರಲಿಲ್ಲ. ಇವರು ಕೆಲಸ ಮಾಡುವುದು ಕಂಪ್ಯೂಟರಿನ ಟರ್ಮಿನಲ್ ಎಂಬ ಒಂದು ಕಿಟಕಿಯಲ್ಲಿ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಬಣ್ಣದ ಹಲಗೆ, ಅದರ ಮೇಲೆ ಬರೀ ಅಕ್ಷರ. ದಿನವಿಡೀ ಅದನ್ನೇ ನೋಡುತ್ತಾ ಆಜ್ಞೆ ಬರೆಯಬೇಕು. ನಮ್ಮ ಕಂಪ್ಯೂಟರ್ ಇರುವುದು ಹಾಲಿನಲ್ಲಿ, ದೇವರ ಗೂಡಿನ ಪಕ್ಕದಲ್ಲೇ. ಶುಕ್ರವಾರ ದೀಪ ಹಚ್ಚಿದಾಗ ಪಕ್ಕದಲ್ಲಿ ಅಷ್ಟು ದೊಡ್ಡ ಕಪ್ಪು ಯಾಕೆ ಎಂದು ಕೇಳಿ, ಅಕ್ಷರಗಳನ್ನಾದರೂ ಅರಿಶಿನದ ಬಣ್ಣಕ್ಕೆ ತಿರುಗಿಸಿಕೊಂಡಿದ್ದೆ. ಬಣ್ಣವೇನೋ ಒಗ್ಗಿತು, ರೂಪ ಒಗ್ಗಲಿಲ್ಲ. ಆಫೀಸಿನ ಪರದೆಯಲ್ಲಿ ಹಿತವಾಗಿದ್ದ ಅಕ್ಷರ ನಮ್ಮ ಹಳೆಯ ಪರದೆಯಲ್ಲಿ ಕಣ್ಣಿಗೆ ಚುಚ್ಚಿತು.

“ಸರಳಾ, ಒಂದ್ನಿಮಿಷ ಬಾ” ಎಂದು ಕರೆದರು.

ಆ ಒಂದು ನಿಮಿಷಕ್ಕೆ ಆಹುತಿಯಾದ ಬೇಳೆ, ಹಾಲು, ಒಗ್ಗರಣೆಗಳಿಗೆ ಲೆಕ್ಕವಿಲ್ಲ. ಆದರೂ ಹೋದೆ. ಕೇಳುವುದು ನನಗೆ ಕಷ್ಟವಲ್ಲ. ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದೇ ಶ್ರವಣ. ನಾನು ಪಿಯುಸಿಗೆ ನಿಂತವಳು. ಮುಂದಿನದ್ದನ್ನೆಲ್ಲ ಕೇಳಿಯೇ ಕಲಿತದ್ದು. ಮರಾಠಿಯನ್ನು ಭಾಜಿಯ, ಅಂದರೆ ತರಕಾರಿಯ ಮಾರುಕಟ್ಟೆಯಲ್ಲಿ, ತುಳುವನ್ನು ಜಯಲತಾ ಅವರ ಅಡುಗೆಮನೆಯಲ್ಲಿ, ಕಂಪ್ಯೂಟರನ್ನು ಮಗಳು ಸ್ಪಂದನಾಳ ಹೆಗಲ ಹಿಂದೆ ನಿಂತು.

“ನೋಡು, ಈ ಕಿಟಕೀಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರಬೇಕು. ಐಗೂ ಅಷ್ಟೇ ಜಾಗ, ಡಬ್ಲ್ಯೂಗೂ ಅಷ್ಟೇ ಜಾಗ. ಆಗಲೇ ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲೋದು” ಎಂದರು.

“ಅಂದ್ರೆ ಲೋಕಲಲ್ಲಿ ಮೂರು ಜನ ಕೂತಿರೋ ಸೀಟಿನ ತುದೀಲಿ ನಾಲ್ಕನೆಯವನು ಅರ್ಧ ಕೂರ್ತಾನಲ್ಲ, ಆ ಥರ ಇಲ್ಲಿ ನಡೆಯಲ್ಲ. ಸಣ್ಣಗಿರೋನಿಗೂ ದಪ್ಪಗಿರೋನಿಗೂ ಒಂದೊಂದು ಪೂರ್ತಿ ಸೀಟು.”

ಇವರು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು. “ಹೊಸದಾಗಿ ಸೇರೋ ಹುಡುಗರಿಗೆ ಇದನ್ನ ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಗಿದೆ ನಂಗೆ. ಒಬ್ಬರಿಗೂ ಇಷ್ಟು ಬೇಗ ಅರ್ಥ ಆಗಿಲ್ಲ.”

ನಾನು ಹಾಳಾದದ್ದು ಆ ಕ್ಷಣದಲ್ಲಿ. ಮದುವೆಯಾದ ಮೇಲೆ ಇವರು ಹೊಗಳಿದ್ದು ಅದೇ ಮೊದಲು. (ಉಪ್ಪಿಟ್ಟಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎಂಬುದನ್ನು ನೆನಪಿಡಿ.) ಅಂದಿನಿಂದ ನಾನು ನಮ್ಮ ಮನೆಯ ಅಕ್ಷರ ಪರೀಕ್ಷಕಿಯಾದೆ. ಇವರು ಎಲ್ಲೆಲ್ಲಿಂದಲೋ ಹೊಸ ಹೊಸ ಫಾಂಟುಗಳನ್ನು ಇಳಿಸಿಕೊಳ್ಳುವುದು, ಕಿಟಕಿಯಲ್ಲಿ ತಂದು ನಿಲ್ಲಿಸುವುದು, ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ಮೇಲಿನಿಂದ ಕೆಳಗಿನವರೆಗೆ ನೋಡುವುದು. ಹುಡುಗಿಯನ್ನು ನೋಡಲು ಹೋದ ಅತ್ತೆಯಂದಿರಿಗೆ ಏನು ಸುಖವಿರುತ್ತದೆ ಎಂದು ನನಗೆ ಆಗ ತಿಳಿಯಿತು.

ಅವುಗಳ ಇಂಗ್ಲಿಷ್ ಹೆಸರುಗಳು ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ನಾನೇ ನಾಮಕರಣ ಮಾಡಿದೆ. ಕಡ್ಡಿಯ ಹಾಗೆ ತೆಳ್ಳಗಿದ್ದವಳು ಕಮಲ. ಮೂಲೆ ಮೂಲೆಗೂ ಕೊಂಕು ಇದ್ದವಳು ದ್ರೌಪದಿ. ದುಂಡಗೆ ಮೈಕೈ ತುಂಬಿಕೊಂಡಿದ್ದವಳು ಗೌರಮ್ಮ.

“ಕಮಲ ಹೇಗೆ?” ಎಂದು ಇವರು ಕೇಳುವರು.

“ಉಪವಾಸ ಮಾಡಿದವಳ ಹಾಗಿದಾಳೆ. ಗಾಳಿ ಬಂದ್ರೆ ಹಾರಿಹೋಗ್ತಾಳೆ.”

“ದ್ರೌಪದಿ?”

“ಮುಖದಲ್ಲಿ ಶಾಂತಿ ಇಲ್ಲ. ದಿನವಿಡೀ ಇವಳನ್ನ ನೋಡಿದ್ರೆ ನಿಮಗೂ ಸಿಟ್ಟು ಬರುತ್ತೆ.”

“ಸೊನ್ನೆ ನೋಡು. ಓ ಅಕ್ಷರದಿಂದ ಬೇರೆ ಅಂತ ಗೊತ್ತಾಗಲಿ ಅಂತ ಸೊನ್ನೆಯೊಳಗೆ ಚುಕ್ಕೆ ಇಟ್ಟಿದಾರೆ.”

ನನಗೆ ಚುಕ್ಕೆ ಅಷ್ಟೇನೂ ಕಾಣಲಿಲ್ಲ. ಆದರೆ ಅವರು ಹೇಳಿದ ಮೇಲೆ ಇರಲೇಬೇಕು. “ಹಣೆಗೆ ಕುಂಕುಮ ಇಟ್ಟ ಹಾಗೆ ಲಕ್ಷಣವಾಗಿದೆ. ಸಾತ್ವಿಕವಾದ ಸೊನ್ನೆ” ಎಂದೆ.

‘ಸಾತ್ವಿಕವಾದ ಸೊನ್ನೆ’ ಮಹಾಪೆಯಲ್ಲಿ ಪ್ರಸಿದ್ಧವಾಯಿತು. ಇವರ ಜೊತೆಯವರು ತಮ್ಮ ತಮ್ಮ ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸಿ “ವಹಿನಿಗೆ ತೋರಿಸಿ” (ಅಂದರೆ ಅತ್ತಿಗೆಗೆ, ನನಗೆ) ಎಂದು ಕೊಟ್ಟುಕಳಿಸತೊಡಗಿದರು. ಜಾತಕ ನೋಡುವವರ ಮನೆಗೆ ಬರುವ ಹಾಗೆ ಲಕೋಟೆಗಳು ಬಂದವು. ನಾನು ಉಬ್ಬಿಹೋದೆ. ಠಾಣೆ ಜಿಲ್ಲೆಯಲ್ಲಿ ಇಂಥ ವಿದ್ಯೆ ಇನ್ನೊಬ್ಬರಿಗಿಲ್ಲ ಎಂಬ ಭಾವನೆ ನನ್ನ ನಡಿಗೆಯಲ್ಲೂ ಬಂದಿರಬೇಕು, ಯಾಕೆಂದರೆ ಭಾಜಿಯವಳು ಆ ದಿನಗಳಲ್ಲಿ ನನ್ನನ್ನು ‘ಮೇಡಂ’ ಎಂದಳು.

ನನ್ನ ಕಣ್ಣಿನ ಬಗ್ಗೆ ನನಗೆ ಮೊದಲಿನಿಂದಲೂ ಅಭಿಮಾನ. ದಿನಾ ಬೆಳಿಗ್ಗೆ ದೀಪ ಹಚ್ಚಿ ಸಹಸ್ರನಾಮದ ಪುಸ್ತಕ ತೆರೆದು ಕೂರುತ್ತಿದ್ದೆ. ಅಮ್ಮ ಕೊಟ್ಟ ಅಂಗೈಯಗಲದ ಪುಸ್ತಕ, ಎಳ್ಳಿನಷ್ಟು ಸಣ್ಣ ಅಕ್ಷರ. ಕನ್ನಡಕವಿಲ್ಲದೆ ಒಂದೂ ತಪ್ಪದಂತೆ ಓದಿ ಮುಗಿಸುತ್ತಿದ್ದೆ. ಮೊಬೈಲನ್ನು ಮಾತ್ರ ಕೈ ಪೂರ್ತಿ ಚಾಚಿ ದೂರ ಹಿಡಿಯುತ್ತಿದ್ದೆ, ಅದು ವಿಕಿರಣದ ಭಯಕ್ಕೆ. ಸೂಜಿಗೆ ದಾರವನ್ನು ಸ್ಪಂದನಾಳ ಕೈಯಿಂದ ಪೋಣಿಸಿಕೊಳ್ಳುತ್ತಿದ್ದೆ. ಹೆಣ್ಣುಮಗಳು, ಕಲಿಯಲಿ ಎಂದು.

ಗಣಪತಿ ಹಬ್ಬ ಕಳೆಯುವಷ್ಟರಲ್ಲಿ ಗೌರಮ್ಮ ಗೆದ್ದಳು. ನಾನೇ ಗೆಲ್ಲಿಸಿದೆ.

“ಇವಳೇ ಸರಿ. ಆದ್ರೆ ಇನ್ನೂ ಸ್ವಲ್ಪ ದಪ್ಪ ಮಾಡಿ” ಎಂದೆ. ಮಾಡಿದರು. “ಇನ್ನೂ ಸ್ವಲ್ಪ ದೊಡ್ಡದು ಮಾಡಿ.” ಮಾಡಿದರು. ಪಾಪ, ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ವಿಶ್ವಾಸ. ಮಹಾಲಯದ ಹೊತ್ತಿಗೆ ಅವಲಕ್ಕಿಯಷ್ಟಿದ್ದ ಅಕ್ಷರ ನವರಾತ್ರಿಗೆ ಕೋಡುಬಳೆಯಷ್ಟಾಯಿತು. ಅಷ್ಟು ದೊಡ್ಡ ಅಕ್ಷರವನ್ನು ಹತ್ತಿರದಿಂದ ನೋಡಲಾಗದೆ ಇವರು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಮೊದಲು ಸೋಫಾ ತಗಲಿತು. ಸೋಫಾ ಸರಿಸಿದ ಮೇಲೆ ಫ್ರಿಜ್ಜು ತಗಲಿತು. ಮೊಣಕಾಲ ಮೇಲೆ ಕೀಬೋರ್ಡು ಇಟ್ಟುಕೊಂಡು, ಫ್ರಿಜ್ಜಿಗೆ ಒರಗಿ, ದೂರದ ಗೌರಮ್ಮನನ್ನು ನೋಡುತ್ತಾ ಕೆಲಸ ಮಾಡುವರು. ನನಗೆ ಕೊತ್ತಂಬರಿ ಸೊಪ್ಪು ಬೇಕಾದಾಗಲೆಲ್ಲ ಮಹಾಪೆಯ ಕೆಲಸ ನಿಲ್ಲುತ್ತಿತ್ತು.

ಸ್ಪಂದನಾ ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ.

“ಅಪ್ಪಾ, ಯೇ ಫಾಂಟ್ ಹೈ ಯಾ ದುಕಾನ್ ಕಾ ಬೋರ್ಡ್?” ಇದು ಅಕ್ಷರವೋ ಅಂಗಡಿಯ ಬೋರ್ಡೋ ಎಂದು.

“ನಿಮ್ಮಮ್ಮನ ಆಯ್ಕೆ” ಎಂದರು ಇವರು, ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತಾ.

ಹೌದು, ಆ ಹೊತ್ತಿಗೆ ತಲೆನೋವು ಶುರುವಾಗಿತ್ತು. ಮಂಗಳವಾರ, ಗುರುವಾರ ಮಾತ್ರ ಬರುತ್ತಿತ್ತು. ಆಫೀಸಿಗೆ ಹೋದ ದಿನ ಬರುತ್ತಿರಲಿಲ್ಲ. ಇದರಿಂದ ಯಾರಾದರೂ ಏನಾದರೂ ಊಹಿಸಬಹುದಿತ್ತು. ನಾನು ಊಹಿಸಿದ್ದು ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿದೆ. ಎಲ್ಲರಿಗೂ ಕೆಮ್ಮು ಬಂತು, ತಲೆನೋವು ಹೋಗಲಿಲ್ಲ.

ದಸರಾ ಕಳೆದ ಗುರುವಾರ ಅನಾಹುತವಾಯಿತು. ಇವರು ಒಂದು ಯಂತ್ರವನ್ನು ಮಲಗಿಸುವ ಆಜ್ಞೆ ಬರೆದರು. ಗೌರಮ್ಮನ ಗಾತ್ರಕ್ಕೆ ಒಂದು ಸಾಲಿನ ಆಜ್ಞೆ ನಾಲ್ಕು ಸಾಲಾಗಿ ಮುರಿದು, ಮೊದಲ ತುಂಡು ಪರದೆಯಿಂದ ಮೇಲಕ್ಕೆ ಸರಿದು ಮರೆಯಾಗಿತ್ತು. ಕಂಡಷ್ಟನ್ನು ನೋಡಿ ಇವರು ಗುಂಡಿ ಒತ್ತಿದರು. ಮಲಗಬೇಕಾದ ಯಂತ್ರ ಎಚ್ಚರವಾಗಿಯೇ ಇತ್ತು. ಅದರ ಬದಲು ಕ್ಯಾಂಟೀನಿನಲ್ಲಿ ಊಟದ ಕೂಪನ್ ಕೊಡುವ ಯಂತ್ರ ಮಲಗಿತು. ಆಗ ಮಧ್ಯಾಹ್ನ ಒಂದು ಗಂಟೆ. ಮಹಾಪೆಯಲ್ಲಿ ಇಡೀ ಕಚೇರಿ ತಟ್ಟೆ ಹಿಡಿದು ನಿಂತಿತ್ತು.

ಸಾಹೇಬರ ಫೋನು ಬಂತು. ಅವರು ಬೈಯಲಿಲ್ಲ. ತುಂಬಾ ಮೃದುವಾಗಿ ಹಿಂದಿಯಲ್ಲಿ ಹೇಳಿದರು, “ಶ್ರೀಕಂಠ್‌ಜೀ, ಕೊನೆಯ ಪರೀಕ್ಷೆ ನವೆಂಬರ್ ಹದಿನಾಲ್ಕಕ್ಕೆ. ಆವತ್ತು ನಾನೇ ಇಲ್ಲಿ ಕೂತು ನೋಡುತ್ತೇನೆ. ಇನ್ನೊಂದು ತಪ್ಪಾದರೆ ವಾರದ ಐದೂ ದಿನ ನೀವು ಇಲ್ಲೇ.”

ಇವರು ಫೋನಿಟ್ಟು ಬಾಗಿಲ ಪಕ್ಕದಲ್ಲಿದ್ದ ಬೂಟುಗಳನ್ನು ನೋಡಿದರು. ಜೋಡಿ ಸರಿಯಾಗಿದೆಯೇ ಎಂದು ಎಣಿಸಿದ ಹಾಗಿತ್ತು. ಆ ಗಾಡಿಗೆ ಇವರನ್ನು ಮತ್ತೆ ಪೂರ್ತಿಯಾಗಿ ಒಪ್ಪಿಸಬಾರದು ಎಂದು ನಿಶ್ಚಯಿಸಿದೆ. ದೇವರ ಮುಂದೆ ಕೂತು ಯೋಚಿಸಿದೆ. ಅಕ್ಷರದಲ್ಲಿ ದೋಷವಿಲ್ಲ. (ಆರಿಸಿದವಳು ನಾನು.) ಹಾಗಾದರೆ ದೋಷ ಕಣ್ಣಿನಲ್ಲಿದೆ. ನಲವತ್ತು ದಾಟಿದ ಮೇಲೆ ಬರುವ ಚಾಳೀಸು. ಥಟ್ಟನೆ ಹೊಳೆದ ಈ ಸತ್ಯದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

“ರೀ, ನಿಮಗೆ ಕನ್ನಡಕ ಬೇಕು.”

“ನಮ್ಮ ಮನೆತನದಲ್ಲಿ ಯಾರಿಗೂ ಕನ್ನಡಕ ಇಲ್ಲ. ನಮ್ಮ ತಾತ ಎಂಬತ್ತರಲ್ಲಿ ದೀಪದ ಬೆಳಕಲ್ಲಿ ಪಂಚಾಂಗ ನೋಡ್ತಿದ್ರು.”

“ನಿಮ್ಮ ತಾತ ಗೌರಮ್ಮನ್ನ ದಿನವಿಡೀ ನೋಡ್ತಿರಲಿಲ್ಲ.”

“ಅದನ್ನೇ ನಾನೂ ಹೇಳೋದು. ಗೌರಮ್ಮಂದೇ ತೊಂದರೆ ಇರಬಹುದು.”

“ಅವಳನ್ನ ಅನ್ನಬೇಡಿ. ನಾನು ನಿಮಗಿಂತ ಎರಡೇ ವರ್ಷ ಚಿಕ್ಕೋಳು. ನನಗೆ ಅವಳು ಎಷ್ಟು ಚೆನ್ನಾಗಿ ಕಾಣ್ತಾಳೆ. ಎಳ್ಳಿನಂಥ ಅಕ್ಷರ ದಿನಾ ಓದ್ತೀನಿ, ಒಂದು ದಿನ ತಲೆನೋವು ಅಂದಿದೀನಾ?”

ಇವರು ಮಾತ್ರ ಡಾಕ್ಟರ ಹತ್ತಿರ ಬರುವುದಿಲ್ಲ ಎಂದರು. ಅಷ್ಟರಲ್ಲಿ ಜಯಲತಾ ಬಾಗಿಲಿಗೆ ಬಂದು ನಮ್ಮ ಹೊಸ್ತಿಲ ಮುಂದೆ ತಲೆಬಗ್ಗಿಸಿ ನಿಂತರು.

“ಸರಳಕ್ಕ, ಇದೆಂತ ರಂಗೋಲಿ? ಚುಕ್ಕಿ ಒಂದು ಕಡೆ ಉಂಟು, ಗೆರೆ ಒಂದು ಕಡೆ ಉಂಟು. ಈಗ ಹೀಗೆ ಫ್ಯಾಶನ್ನಾ?”

“ನೆಲದ ಟೈಲ್ಸ್ ನುಣುಪು ಜಯಲತಾ, ಪುಡಿ ಜಾರುತ್ತೆ” ಎಂದೆ. ಅವರು ಇನ್ನೊಂದು ಸಲ ರಂಗೋಲಿಯನ್ನೂ ಒಂದು ಸಲ ನನ್ನನ್ನೂ ನೋಡಿ ಇಳಿದುಹೋದರು.

ಮುಂದಿನ ಮಂಗಳವಾರ ಸಂಕಷ್ಟಿ. ಮಂಗಳವಾರ ಬಂದರೆ ಅಂಗಾರಕಿ, ವಿಶೇಷ ಫಲ. ಸಂಜೆ ಇವರ ಕೆಲಸ ಮುಗಿದ ಮೇಲೆ ಫಡಕೆ ರಸ್ತೆಯ ಗಣೇಶ ಮಂದಿರಕ್ಕೆ ಕರೆದುಕೊಂಡು ಹೋದೆ. ದೊಡ್ಡ ಸಾಲಿನಲ್ಲಿ ನಿಂತು ದರ್ಶನ ಮಾಡಿದೆವು. “ವಿಘ್ನ ಎಲ್ಲಿದೆಯೋ ತೋರಿಸಪ್ಪಾ” ಎಂದು ಕೇಳಿಕೊಂಡೆ. (ಹೀಗೆ ಬಿಡಿಸಿ ಹೇಳದೆ ಕೇಳಿಕೊಳ್ಳಬಾರದು ಎಂದು ಆಮೇಲೆ ತಿಳಿಯಿತು.) ಹೊರಗೆ ಬಂದು, ಚಪ್ಪಲಿ ಹಾಕಿಕೊಳ್ಳುತ್ತಿದ್ದ ಇವರ ಕೈ ಹಿಡಿದು, ಪಕ್ಕದ ಗಲ್ಲಿಯ ಕನ್ನಡಕದ ಅಂಗಡಿಗೆ ನುಗ್ಗಿಸಿಬಿಟ್ಟೆ. ಜನರೇ ಹತ್ತಿಸಿ ಇಳಿಸಿ ಅಭ್ಯಾಸವಾಗಿದ್ದರಿಂದ ಇವರು ಪ್ರತಿಭಟಿಸುವಷ್ಟರಲ್ಲಿ ಕುರ್ಚಿಯ ಮೇಲಿದ್ದರು.

ಅಂಗಡಿಯ ಕಾಕಾ ವಯಸ್ಸಾದವರು, ನಿಧಾನದ ಮನುಷ್ಯ. ಇವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಗೋಡೆಯ ಫಲಕ ಓದಿಸಿದರು. ಇವರು ದೊಡ್ಡ ಅಕ್ಷರದಿಂದ ಶುರು ಮಾಡಿ ಕೊನೆಯ ಸಾಲಿಗೆ ಬಂದರು. ಅದರ ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಊರಿನ ಹೆಸರನ್ನೂ ಓದಿದರು. ಆಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಕಾರ್ಡು ಕೊಟ್ಟರು. ಅದನ್ನೂ ಸರಸರನೆ ಓದಿದರು.

“ಡೋಳೇ ಏಕದಮ್ ಗರುಡಾಚೇ. ಚಷ್ಮಾ ಕಶಾಲಾ?” ಎಂದರು ಕಾಕಾ. ಗರುಡನ ಕಣ್ಣಿಗೆ ಕನ್ನಡಕ ಏತಕ್ಕೆ ಎಂದು.

ಇವರು ನನ್ನ ಕಡೆ ತಿರುಗಿ ತಾತನ ಪರವಾಗಿ ಒಂದು ನಗೆ ನಕ್ಕರು. ನಾನು ಬಿಡುವವಳಲ್ಲ. ಇನ್ನೊಮ್ಮೆ ನೋಡಿ ಕಾಕಾ, ಇವರಿಗೆ ಕಂಪ್ಯೂಟರಿನಲ್ಲಿ ಇಷ್ಟು ದೊಡ್ಡ ಅಕ್ಷರ ಇಟ್ಟರೂ ತಲೆನೋವು ಬರುತ್ತದೆ ಎಂದು ಬೆರಳಲ್ಲಿ ಗೌರಮ್ಮನ ಎತ್ತರ ತೋರಿಸಿದೆ.

ಕಾಕಾ ಆ ಬೆರಳುಗಳನ್ನು ನೋಡಿದರು. “ಹೇ ಅಕ್ಷರ ಕೋಣೀ ನಿವಡಲಂ?”

ಅಕ್ಷರ ಆರಿಸಿದವರು ಯಾರು ಎಂಬ ಪ್ರಶ್ನೆಗೆ ಇವರು ಗಲ್ಲದಿಂದ ನನ್ನ ಕಡೆ ತೋರಿಸಿದರು.

“ವಹಿನೀ, ತುಮ್ಹೀ ಬಸಾ ಬಘೂ.”

ನನ್ನನ್ನೇ ಕೂರಲು ಹೇಳಿದರು. ಬೇಕಾದರೆ ನೋಡಲಿ ಎಂದು ಹೆಮ್ಮೆಯಿಂದಲೇ ಕೂತೆ. ಗೋಡೆಯ ಫಲಕವನ್ನು ಮುಕ್ಕಾಲು ಪಾಲು ಸಲೀಸಾಗಿ ಓದಿದೆ. ಕಾಕಾ ಸಣ್ಣ ಕಾರ್ಡು ಕೈಗಿಟ್ಟರು. ಅದರಲ್ಲಿ ಅಕ್ಷರಗಳಿರಲಿಲ್ಲ. ಪಂಢರಪುರಕ್ಕೆ ಹೊರಟ ಇರುವೆಗಳ ದಿಂಡಿ ಮೆರವಣಿಗೆಯಿತ್ತು.

“ಇವತ್ತು ಉಪವಾಸ. ಕಣ್ಣು ಮಂಜು” ಎಂದೆ.

ಕಾಕಾ ಪಕ್ಕದಂಗಡಿಯಿಂದ ಹಾಲು ತರಿಸಿಕೊಟ್ಟರು. ಕುಡಿದೆ. ಇರುವೆಗಳು ಕದಲಲಿಲ್ಲ.

“ಮರಾಠಿಯಲ್ಲಿದೆಯಲ್ಲ, ಅದಕ್ಕೇ” ಎಂದೆ. ಇವರು ಮೆಲ್ಲಗೆ, “ನೀನು ದಿನಾ ಮರಾಠಿ ಪೇಪರ್ ಓದ್ತೀಯಲ್ಲ” ಎಂದರು. ಓದುತ್ತಿದ್ದದ್ದು ದೊಡ್ಡ ತಲೆಬರಹಗಳನ್ನು ಮಾತ್ರ ಎಂಬುದು ನನಗೆ ಆ ಕ್ಷಣದಲ್ಲಿ ನೆನಪಾಯಿತು. ಇನ್ನು ಬ್ರಹ್ಮಾಸ್ತ್ರವೇ ಬೇಕು ಎಂದುಕೊಂಡು ಬ್ಯಾಗಿನಿಂದ ಸಹಸ್ರನಾಮದ ಪುಸ್ತಕ ತೆಗೆದೆ. ಕಾಕಾನಿಗೆ ಎಳ್ಳಿನಂಥ ಅಕ್ಷರಗಳನ್ನು ತೋರಿಸಿ, ಪುಟ ತೆರೆದು, ಶುರು ಮಾಡಿದೆ. ಒಂದೇ ಉಸಿರು, ಒಂದೂ ತಡೆಯಿಲ್ಲ. ಸರಿಯಾದ ಜಾಗದಲ್ಲಿ ಪುಟ ತಿರುಗಿಸಿದೆ. ಅಂಗಡಿಯಲ್ಲಿ ಫ್ರೇಮು ನೋಡುತ್ತಿದ್ದ ಒಬ್ಬ ಗಿರಾಕಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಇವರ ಮುಖದಲ್ಲಿದ್ದ ತಾತನ ನಗೆ ಇಳಿದುಹೋಯಿತು.

ಕಾಕಾ ಕಣ್ಣು ಮುಚ್ಚಿ ಎರಡು ಪುಟ ಕೇಳಿದರು. ಆಮೇಲೆ ಮೂರನೇ ಪುಟದ ನಡುವೆ ಒಂದು ಸಾಲಿನ ಮೇಲೆ ಮೆತ್ತಗೆ ಬೆರಳಿಟ್ಟರು.

“ಇಥೂನ್ ವಾಚಾ.”

ಅಲ್ಲಿಂದ ಓದಬೇಕಂತೆ. ನಾನು ಆ ಬೆರಳನ್ನು ನೋಡಿದೆ. ಬೆರಳು ಚೆನ್ನಾಗಿ ಕಂಡಿತು. ಅದರ ತುದಿಯಲ್ಲಿ ಎಳ್ಳು ಚೆಲ್ಲಿತ್ತು. ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ.

“ಸುರುವಾತೀಪಾಸೂನ್ ನಾಹೀ ವಹಿನೀ. ಇಥೂನ್.”

“ಮೊದಲಿಂದ ಬಂದ್ರೇನೇ ಕಾಕಾ ಅಲ್ಲಿಗೆ ಬರೋದು” ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಆದರೂ ಕಾಕಾನಿಗೆ ಅರ್ಥವಾಯಿತು. ಗಿರಾಕಿ ಚಪ್ಪಲಿ ಹಾಕಿಕೊಂಡ.

ಅಂದರೆ ಎಷ್ಟು ಕಾಲದಿಂದಲೋ ನಾನು ಪುಸ್ತಕವನ್ನು ಓದುತ್ತಿರಲಿಲ್ಲ. ಬಾಯಿಪಾಠವಾಗಿದ್ದನ್ನು ಹೇಳುತ್ತಾ ಪುಟ ತಿರುಗಿಸುತ್ತಿದ್ದೆ, ಅಷ್ಟೆ. ಕಣ್ಣು ಯಾವಾಗ ಕೈಬಿಟ್ಟಿತೋ ನನಗೇ ತಿಳಿದಿರಲಿಲ್ಲ. ವಿಘ್ನ ಎಲ್ಲಿದೆ ಎಂದು ಕೇಳಿದ್ದಕ್ಕೆ ಗಣಪತಿ ಗಲ್ಲಿ ದಾಟುವಷ್ಟರಲ್ಲಿ ತೋರಿಸಿಕೊಟ್ಟಿದ್ದ. ಪಾಪ ಈ ಮನುಷ್ಯ, ನನ್ನ ಚಾಳೀಸಿಗೆ ಹೊಂದುವ ಅಕ್ಷರವನ್ನು ತನ್ನ ಗರುಡನ ಕಣ್ಣಿಗೆ ಕಟ್ಟಿಕೊಂಡು ಫ್ರಿಜ್ಜಿಗೆ ಒರಗಿ ಕೂತಿದ್ದರು.

ಇವರು ದಾರಿಯುದ್ದಕ್ಕೂ ನಗಲಿಲ್ಲ. ಚಂದ್ರೋದಯವಾಗಿ, ಪೂಜೆ ಮಾಡಿ, ನನ್ನ ತಟ್ಟೆಗೆ ಮೋದಕ ಬಿದ್ದ ಮೇಲೆ ಒಂದೇ ಮಾತು ಕೇಳಿದರು.

“ಸಾತ್ವಿಕವಾದ ಸೊನ್ನೆ ನಿಂಗೆ ಕಾಣ್ತಿತ್ತಾ?”

ನಾನು ಇನ್ನೊಂದು ಮೋದಕವನ್ನು ಬಾಯಿಗೆ ಹಾಕಿಕೊಂಡೆ.

ಗೌರಮ್ಮನನ್ನು ಅವತ್ತೇ ತವರಿಗೆ ಕಳಿಸಿದೆವು. ತಲೆನೋವೂ ಅವಳ ಹಿಂದೆಯೇ ಹೋಯಿತು, ಸೋಫಾ ತನ್ನ ಜಾಗಕ್ಕೆ ಬಂತು. ದೀಪಾವಳಿ ಕಳೆದು ನನ್ನ ಕನ್ನಡಕವೂ ಬಂತು. ಅದನ್ನು ಹಾಕಿಕೊಂಡು ನಾನು ಮೊದಲು ನೋಡಿದ್ದು ದೇವರ ಗೂಡನ್ನು. ಪಟದಲ್ಲಿ ಅಮ್ಮನವರಿಗೆ ನಾನು ದಿನಾ ಇಡುತ್ತಿದ್ದ ಕುಂಕುಮ ಹಣೆಯ ಮೇಲಿರಲಿಲ್ಲ, ಮೂಗಿನ ತುದಿಯ ಮೇಲಿತ್ತು. ಇಷ್ಟು ಕಾಲ ಆಕೆ ಅದನ್ನು ಹಾಗೆಯೇ ಇಟ್ಟುಕೊಂಡು ನಗುತ್ತಾ ಕೂತಿದ್ದಳು. ಗಾಜನ್ನು ಒರೆಸಿ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡೆ. ರಂಗೋಲಿಯನ್ನು ನೋಡಲಿಲ್ಲ. ಅಷ್ಟು ಧೈರ್ಯವಿರಲಿಲ್ಲ.

ನವೆಂಬರ್ ಹದಿನಾಲ್ಕು ಬಂತು. ಗುರುವಾರ, ಉತ್ಥಾನ ದ್ವಾದಶಿ, ಸಂಜೆಗೆ ತುಳಸಿಯ ಮದುವೆ. ಬೆಳಿಗ್ಗೆ ಸಾಹೇಬರ ಪರೀಕ್ಷೆ. ನಾನು ನೆಲ್ಲಿಯ ಟೊಂಗೆ, ಕಬ್ಬು ಎಲ್ಲಾ ಜೋಡಿಸುತ್ತಿದ್ದರೆ ಇವರು ಕಿಟಕಿಯ ಮುಂದೆ ಬೆರಳು ಕಚ್ಚುತ್ತಾ ಕೂತಿದ್ದರು. ಕಮಲಳನ್ನು ತಂದು ನಿಲ್ಲಿಸುವುದು, ತೆಗೆಯುವುದು. ಪದ್ಮಾವತಿ ಎಂದು ಹೊಸಬಳೊಬ್ಬಳು ಬಂದಿದ್ದಳು, ಅವಳನ್ನು ನಿಲ್ಲಿಸುವುದು, ತೆಗೆಯುವುದು. ಆಜ್ಞೆ ಬರೆಯುವ ಕೈ ಎರಡರ ನಡುವೆ ತಡವರಿಸುತ್ತಿತ್ತು. ಸಾಹೇಬರು ಕೂರಲು ಇನ್ನು ಕಾಲು ಗಂಟೆ ಇರಬಹುದು.

“ಸರಳಾ, ಒಂದ್ನಿಮಿಷ ಬಾ.”

ಈ ಸಲ ಕನ್ನಡಕವಿದೆಯಲ್ಲ, ನಿಜವಾದ ಪರೀಕ್ಷಕಿಯಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳೋಣ ಎಂದು ಉತ್ಸಾಹದಿಂದ ಓಡಿದೆ. ಎರಡು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಎಡಗಡೆ ಕಮಲ, ಬಲಗಡೆ ಪದ್ಮಾವತಿ. ಬಗ್ಗಿ ನೋಡಿದೆ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದೆ. ಪ್ರತಿ ಅಕ್ಷರವೂ ಕೊರೆದಿಟ್ಟ ಹಾಗೆ ಸ್ಪಷ್ಟ. ಸೊನ್ನೆಯೊಳಗಿನ ಚುಕ್ಕೆ ಕೂಡ ಕಂಡಿತು.

“ರೀ, ಎರಡೂ ಒಂದೇ ಅಲ್ವಾ?”

ಇವರು ನನ್ನ ಕಡೆ ತಿರುಗಿದರು. “ಸರಿಯಾಗಿ ನೋಡು.”

“ನೋಡ್ದೆ. ಅಲ್ಲೂ ಅದೇ ಎಬಿಸಿಡಿ, ಇಲ್ಲೂ ಅದೇ ಎಬಿಸಿಡಿ. ಏನ್ರೀ ವ್ಯತ್ಯಾಸ?”

“ಉಪವಾಸ ಮಾಡಿದ ಹಾಗೆ ಕಾಣಲ್ವಾ ಕಮಲ?”

“ಚೆನ್ನಾಗೇ ಇದಾಳೆ. ಇಬ್ಬರೂ ಚೆನ್ನಾಗೇ ಇದಾರೆ.”

ಇವರ ಮುಖ ಬಿಳಿಚಿಕೊಂಡಿತು. ಆ ಬೂಟು ಪಾಸಿಲ್ಲದೆ ಹೊರಟ ದಿನವೂ ನಾನು ಅಂಥ ಮುಖ ಕಂಡಿರಲಿಲ್ಲ. ಚೆನ್ನಾಗಿಲ್ಲ ಎನ್ನುವವರು ಒಬ್ಬರೂ ಇಲ್ಲದೆ ಆ ಮನುಷ್ಯನಿಗೆ ಒಂದು ತೀರ್ಮಾನಕ್ಕೆ ಬರಲು ಆಗುತ್ತಿರಲಿಲ್ಲ. ಎರಡೂ ಕೈ ಚಾಚಿ, ನನ್ನ ಕನ್ನಡಕವನ್ನು ಮೆಲ್ಲಗೆ ಕಿವಿಯಿಂದ ಬಿಡಿಸಿ ತೆಗೆದರು.

“ಈಗ ಹೇಳು.”

ಇರುವೆಗಳು ವಾಪಸ್ಸು ಬಂದವು. ಎಡಗಡೆಯ ದಿಂಡಿ ಸ್ವಲ್ಪ ತೆಳ್ಳಗೆ, ಬಲಗಡೆಯದು ಸ್ವಲ್ಪ ತುಂಬಿಕೊಂಡು ನಡೆಯುತ್ತಿತ್ತು.

“ಬಲಗಡೆಯವಳು” ಎಂದೆ. “ಮುಖದಲ್ಲಿ ಕಳೆ ಇದೆ. ಆದ್ರೆ ಇನ್ನೂ ಸ್ವಲ್ಪ ದಪ್ಪ…”

“ರೂಪ ನಿನ್ನದು, ಗಾತ್ರ ನನ್ನದು” ಎಂದು ಇವರು ನನ್ನ ಬಾಯಿ ಮುಚ್ಚಿಸಿ, ಬೆನ್ನು ನೆಟ್ಟಗೆ ಮಾಡಿ, ಪದ್ಮಾವತಿಯೊಡನೆ ಕೂತರು.

ಮಧ್ಯಾಹ್ನದವರೆಗೆ ಹಾಲಿನಿಂದ ಕೀಬೋರ್ಡಿನ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಸಾಹೇಬರು ಹೇಳಿದ ಯಂತ್ರಗಳೆಲ್ಲ ಹೇಳಿದ ಸಾಲಿನಲ್ಲೇ ಮಲಗಿ ಎದ್ದವು. ಮಹಾಪೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡರು. ಸಂಜೆ ತುಳಸಿಗೆ ಅಕ್ಷತೆ ಹಾಕುವ ಹೊತ್ತಿಗೆ ಸಾಹೇಬರ ಫೋನು ಬಂತು. ಇವರು ಮಾತು ಮುಗಿಸಿ ಬಂದಾಗ ಮುಖದಲ್ಲಿ ಮದುವಣಿಗನ ಕಳೆಯಿತ್ತು.

“ಸಾಹೇಬರಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ, ಎರಡು ದಿನ ಯಾಕೆ, ವಾರದ ಐದೂ ದಿನ ಮನೇಲೇ ಮಾಡಿ ಅಂದ್ರು.”

ನಾನು ಕೈಯಲ್ಲಿದ್ದ ಅಕ್ಷತೆಯನ್ನು ತುಳಸಿಯ ಬದಲು ಇವರ ತಲೆಯ ಮೇಲೆ ಹಾಕಿಬಿಟ್ಟೆ. ಐದು ದಿನ ಎಂದರೆ ಎಷ್ಟು ಎಂದು ಸೋಮವಾರದವರೆಗೂ ನನಗೆ ಹೊಳೆಯಲಿಲ್ಲ.

ಸೋಮವಾರ ಜಯಲತಾ ಮತ್ತೆ ದೋಸೆಯ ಡಬ್ಬಿಯೊಡನೆ ಬಾಗಿಲಲ್ಲಿ ನಿಂತರು. “ಎಂತ ಸರಳಕ್ಕ, ಈ ಸಲ ಪೂರ್ತಿ ಹೋಯ್ತಾ?”

ಅವರನ್ನು ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಕಾಲದ ಮೇಲೆ ಅಕ್ಕಿಯಲ್ಲಿ ಕಲ್ಲು ನಿಜವಾಗಿಯೂ ನೋಡಿ ಆರಿಸುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಲು ಸಿದ್ಧವಾಗಿತ್ತು. ಹಾಲ್ ಕಡೆಯಿಂದ ಕುರ್ಚಿ ಕಿರ್ ಎಂದು ತಿರುಗಿದ ಸದ್ದು ಕೇಳಿತು. ರಾತ್ರಿಯೇ ಹೊಸ ಫಾಂಟುಗಳು ಇಳಿದಿದ್ದವು ಎಂದು ಕಾಣುತ್ತದೆ.

“ಸರಳಾ, ಒಂದ್ನಿಮಿಷ ಬಾ” ಎಂದರು. ಆಮೇಲೆ ಏನೋ ನೆನಪಾಗಿ, ಧ್ವನಿ ಎತ್ತರಿಸಿ ಸೇರಿಸಿದರು, “ಕನ್ನಡಕ ಅಲ್ಲೇ ಬಿಟ್ಟು ಬಾ.”